ಕಂಟ್ರೋಲ್ ಯಾರ ಕೈಯಲ್ಲುಂಟು ಮಾರಾಯ್ರೆ?

ನಿಮ್ಮ ಶುಗರ್ ಹೇಗುಂಟು? "ಕಂಟ್ರೋಲಲ್ಲುಂಟು" ಅಂದಿರಲ್ಲ? ನನಗೆ ಗೊತ್ತಿತ್ತು ಮಾರಾಯ್ರೆ. ಡೊಂಬಿವಲಿಯಿಂದ ನೆರೂಲ್‌ವರೆಗೆ ಯಾವ ಮದುವೆ ಹಾಲಿಗೆ ಹೋಗಿ ಯಾರನ್ನು ಬೇಕಾದರೂ ಕೇಳಿ, ಉತ್ತರ ಇದೊಂದೇ. ಬಾಯಲ್ಲಿ ಕಂಟ್ರೋಲ್, ಬಾಳೆಲೆಯಲ್ಲಿ ಎರಡನೇ ಹೋಳಿಗೆ. (ಮೂರನೆಯದು ಅಂತ ಪಕ್ಕದಲ್ಲಿ ಕೂತ ನಿಮ್ಮ ಮನೆಯವರು ಹೇಳ್ತಾರೆ. ನಾನು ನಡುವೆ ಬಾಯಿ ಹಾಕುವುದಿಲ್ಲ.)

ಕಡಿಮೆಯಾಗಿದೆ ಅನ್ನಲಿಲ್ಲ ನೀವು. ಗುಣವಾಗಿದೆ ಅಂತಲೂ ಅನ್ನಲಿಲ್ಲ. ಬಹಳ ಹುಷಾರಿನ ಶಬ್ದವನ್ನೇ ಆರಿಸಿಕೊಂಡಿರಿ. ಕಂಟ್ರೋಲ್ ಅಂದಮೇಲೆ ಮುಂದೆ ಯಾರೂ ಪ್ರಶ್ನೆ ಕೇಳುವ ಹಾಗಿಲ್ಲ. ಆದರೆ ಒಂದು ಗಮನಿಸಿದ್ದೀರಾ? "ಪರಿಸ್ಥಿತಿ ಹತೋಟಿಯಲ್ಲಿದೆ" ಅಂತ ಪೊಲೀಸರು ಹೇಳೋದು ಎಲ್ಲೋ ಏನೋ ಹೊತ್ತಿ ಉರಿದ ಮೇಲೆಯೇ. ಏನೂ ಆಗದ ಊರಲ್ಲಿ ಹತೋಟಿಯ ಸುದ್ದಿಯೇ ಇರುವುದಿಲ್ಲ.

ಇನ್ನು ರಕ್ತ ಕೊಡುವ ದಿನ ಹತ್ತಿರ ಬಂತು ಅನ್ನಿ. ಮೂರು ದಿನ ಮೊದಲೇ ಚಹಾದ ಸಕ್ಕರೆ ಬಂದ್. ಡೊಂಬಿವಲಿಯವರಾದರೆ ಭಾಗಶಾಲಾ ಮೈದಾನಕ್ಕೆ ಸುತ್ತು, ಥಾಣೆಯವರಾದರೆ ತಲಾವ್ ಪಾಳಿಗೆ ಸುತ್ತು. ಫಾಸ್ಟಿಂಗ್ ರಿಪೋರ್ಟ್ ಚಂದ ಬರ್ತದೆ. ಡಾಕ್ಟರ್ ಅಷ್ಟಕ್ಕೇ ಬಿಡ್ತಾರಾ? ಎಚ್‌ಬಿಎ1ಸಿ ಅಂತ ಇನ್ನೊಂದು ಚೀಟಿ ಬರೆದುಕೊಡ್ತಾರೆ.

ಅದೊಂದು ಚಾಡಿಕೋರ ಟೆಸ್ಟು! ಕೆಂಪು ರಕ್ತಕಣಕ್ಕೆ ಸುಮಾರು 120 ದಿನ ಆಯುಷ್ಯ. ಅಷ್ಟು ದಿನವೂ ಅದರೊಳಗಿನ ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟುತ್ತಾ ಹೋಗ್ತದೆ. ಹಾಗಾಗಿ ಸಿಗೋದು ಮೂರು ದಿನದ ನಾಟಕದ ವರದಿ ಅಲ್ಲ, ಎರಡು ಮೂರು ತಿಂಗಳ ಸರಾಸರಿ. ಗಣಪತಿಯ ಮೋದಕವೂ ಅದರೊಳಗೆ, ಆಫೀಸಿನ ಬರ್ತ್‌ಡೇ ಕೇಕೂ ಅದರೊಳಗೆ. 7ರ ಕೆಳಗಿರಲಿ ಅಂತ ಡಾಕ್ಟರರು ಹೆಚ್ಚಿನವರಿಗೆ ಹೇಳೋದು. ನಿಮ್ಮದೆಷ್ಟು? (ಬೇಡ ಬಿಡಿ, ಇಷ್ಟು ಜನರೆದುರು ಕೇಳಬಾರದು.)

ಮೂರು ದಿನದ್ದು ಪಥ್ಯ. ಏಕಾದಶಿಯದ್ದು ಉಪವಾಸ. (ಸಾಬುದಾಣಾ ಖಿಚಡಿ, ಬಟಾಟೆ ವೇಫರ್, ಮೇಲಿಂದ ಒಂದು ಗ್ಲಾಸ್ ಪೀಯೂಷ್. ಇದಕ್ಕೂ ಉಪವಾಸ ಅಂತ ಹೆಸರಿಟ್ಟ ಮಹಾರಾಷ್ಟ್ರಕ್ಕೆ ನನ್ನ ಸಾಷ್ಟಾಂಗ.) ಹೋಳಿಗೆ ಕಂಡೂ ಕೈ ಹಿಂದಕ್ಕೆ ಬಂದರೆ ಅದು ಸಂಯಮ. ಈ ಮೂರೂ ಒಳ್ಳೆಯವೇ. ಆದರೆ ಕಂಟ್ರೋಲ್ ಅನ್ನಬೇಕಾದರೆ ನಾಲ್ಕನೆಯದೊಂದು ಬೇಕು: ನೀವು ಹೇಳಿದ್ದನ್ನೂ ನಿಜವಾಗಿ ಆದದ್ದನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುವ ಲೆಕ್ಕ.

ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ, ಆ ಶಬ್ದದ ಜಾತಕದಲ್ಲೇ ಉಂಟು. ಹಿಂದೆ ಯುರೋಪಿನಲ್ಲಿ ಲೆಕ್ಕವನ್ನು ಸುರುಳಿಯಲ್ಲಿ ಬರೆಯುತ್ತಿದ್ದ ಕಾಲಕ್ಕೆ, ಗುಮಾಸ್ತ ಕೈಚಳಕ ತೋರಿಸಬಾರದು ಅಂತ ಅದಕ್ಕೆದುರಾಗಿ ಇನ್ನೊಂದು ಸುರುಳಿ ಇಡ್ತಿದ್ದರು. ಲ್ಯಾಟಿನ್‌ನಲ್ಲಿ ಅದು ಕಾಂಟ್ರಾರೋಟುಲಸ್. ಫ್ರೆಂಚರ ಬಾಯಲ್ಲಿ ಸವೆದು, ಇಂಗ್ಲಿಷರ ಬಾಯಿಗೆ ಬಂದು, ಕೊನೆಗೆ ನಿಮ್ಮ ಬಾಯಿಗೆ ಬರುವಾಗ ಕಂಟ್ರೋಲ್. ಮೊದಲಿಗೆ ಅದು ಕೋಲೂ ಅಲ್ಲ, ಲಗಾಮೂ ಅಲ್ಲ, ಒಂದು ಲೆಕ್ಕದ ಪುಸ್ತಕ!

ನಾವೇನು ಕಮ್ಮಿಯಾ? ನಮ್ಮ 'ಅಂಕೆ' ನೋಡಿ. ಒಂದು, ಎರಡು, ಮೂರೂ ಅಂಕೆಯೇ. ಹುಡುಗರು ಅಂಕೆಯಲ್ಲಿರಬೇಕು ಅನ್ನುವಾಗಲೂ ಅಂಕೆಯೇ. (ಅಂಕೆಯಿಲ್ಲದ ಕಪಿ ಲಂಕೆ ಸುಟ್ಟಿತು ಅಂತ ಅಜ್ಜಿ ಬೈಯುವಾಗ, ಪಾಪ ಆ ಕಪಿಗೆ ಲೆಕ್ಕ ಬರ್ತಿರಲಿಲ್ಲ ಅಂತ ನೀವೂ ಅಂದುಕೊಂಡಿದ್ದಿರಾ? ನಾನಂತೂ ಅಂದುಕೊಂಡಿದ್ದೆ.)

ಈಗ ನಿಮ್ಮ ಸೊಸೈಟಿಗೆ ಬರುವಾ. ಕೆಳಗೆ ಲಿಫ್ಟಿನ ಪಕ್ಕ ಬೋರ್ಡು: ಚೇರ್ಮನ್, ಸೆಕ್ರೆಟರಿ, ಟ್ರೆಜರರ್. ಕಂಟ್ರೋಲ್ ಯಾರದ್ದು ಹೇಳಿ ನೋಡುವಾ? ಚೇರ್ಮನ್ನರಿಗೆ ಇರೋದು ಅಧಿಕಾರ. ಸೆಕ್ರೆಟರಿಗೆ ಇರೋದು ಕೆಲಸ (ಮತ್ತು ಬೈಗಳು). ಕಂಟ್ರೋಲ್ ಇರೋದು ಗೇಟಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತ ವಾಚ್‌ಮನ್ ಕೈಯಲ್ಲಿ. ಯಾಕೆ? ರಿಜಿಸ್ಟರ್ ಅವನ ಹತ್ತಿರ ಉಂಟು!

ನಿಮ್ಮ ಸ್ವಂತ ಭಾವ ಊರಿಂದ ಹಲಸಿನ ಹಪ್ಪಳದ ಕಟ್ಟು ಹಿಡ್ಕೊಂಡು ಬಂದರೂ ಅಲ್ಲಿ ನಿಂತು ಹೆಸರು, ಫ್ಲ್ಯಾಟ್ ನಂಬರ್, ಟೈಮ್ ಬರೆದು ಸಹಿ ಹಾಕಿಯೇ ಒಳಗೆ. ನಿಮ್ಮ ಮಗ ಎಷ್ಟು ಗಂಟೆಗೆ ಬಂದ ಅಂತ ನಿಮಗೆ ಗೊತ್ತಿಲ್ಲ, ವಾಚ್‌ಮನ್‌ಗೆ ಗೊತ್ತುಂಟು. ರಾತ್ರಿ ಹನ್ನೊಂದಕ್ಕೆ ನಿಮ್ಮ ಹೆಸರಿಗೆ ಬಂದ ಐಸ್‌ಕ್ರೀಮ್ ಪಾರ್ಸೆಲ್ಲೂ ಅದರಲ್ಲಿ ಎಂಟ್ರಿಯಾಗಿದೆ. (ಶುಗರ್ ಕಂಟ್ರೋಲಲ್ಲುಂಟು ಅಂದಿರಲ್ಲ ಆಗ?)

ಇಲ್ಲ, ಫ್ಲ್ಯಾಟ್ ನನ್ನದು, ಆದ್ದರಿಂದ ಕಂಟ್ರೋಲೂ ನನ್ನದು ಅಂತೀರಾ? ಹಾಗಾದರೆ ವಾಶಿಗೆ ಹೋಗಿ. ನವಿ ಮುಂಬಯಿ ಕಟ್ಟಲಿಕ್ಕೆ ಅಂತ 1970ರಲ್ಲಿ ಸಿಡ್ಕೋ ಹುಟ್ಟಿತು. ಅದು ಕೊಟ್ಟ ಪ್ಲಾಟುಗಳಲ್ಲಿ ಹೆಚ್ಚಿನವು 60 ವರ್ಷದ ಲೀಸಿನ ಮೇಲೆ. ಇಎಂಐ ನಿಮ್ಮದು, ಟೈಲ್ಸ್ ನಿಮ್ಮದು, ಗೃಹಪ್ರವೇಶಕ್ಕೆ ಉಡುಪಿಯಿಂದ ಭಟ್ರನ್ನು ಕರೆಸಿದ್ದೂ ನೀವೇ. ಬುಡದ ನೆಲ ಮಾತ್ರ ಸಿಡ್ಕೋದ್ದು. ಮಾರಬೇಕಾದರೆ ಅದರ ಎನ್‌ಒಸಿ ಬೇಕು, ಟ್ರಾನ್ಸ್‌ಫರ್ ಶುಲ್ಕ ಕಟ್ಟಬೇಕು. ಒಡೆತನ ಉಂಟು, ಹತೋಟಿ ಅರ್ಧ.

ಥಾಣೆಯ ಹಳೇ ಪಾಗಡಿ ಖೋಲಿಗಳಲ್ಲಿ ಇದು ಪೂರ್ತಿ ತಿರುಗಮುರುಗ. 1947ರ ಬಾಂಬೆ ರೆಂಟ್ ಆ್ಯಕ್ಟು 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಗೆ ಗೂಟ ಹೊಡೆದು ಕಟ್ಟಿಹಾಕಿತು. 2000ದ ಮಾರ್ಚ್ 31ರಿಂದ ಹೊಸ ರೆಂಟ್ ಕಂಟ್ರೋಲ್ ಕಾಯ್ದೆ ಬಂತು, ಆದರೂ ಹಳೇ ಬಾಡಿಗೆದಾರ ಅಲುಗಾಡಲಿಲ್ಲ. ಮಾಲಕ ಬಾಡಿಗೆ ವಸೂಲಿಗೆ ಬಂದರೆ ರಿಕ್ಷಾ ಚಾರ್ಜಿಗೂ ಸಾಲದು. ಒಡೆತನ ಅವನದ್ದು, ಕೀಲಿಕೈ ನಿಮ್ಮದು. (ಪಾಗಡಿಯವರು ಈಗ ಮೀಸೆಯಡಿ ನಗ್ತಿದ್ದೀರಿ. ಮಳೆಗಾಲದಲ್ಲಿ ಸೀಲಿಂಗ್ ಸೋರುವಾಗ ಮಾತ್ರ "ಬಿಲ್ಡಿಂಗ್ ಮಾಲಕರದ್ದಲ್ವಾ?" ಅಂತೀರಿ. ಗೊತ್ತುಂಟು ನನಗೆ.)

ಕುರ್ಚಿಯೇ ಬೇಡದ ಹಿಡಿತವೂ ಒಂದುಂಟು. 1995ರಲ್ಲಿ ಈ ರಾಜ್ಯದಲ್ಲಿ ಶಿವಸೇನೆ–ಬಿಜೆಪಿ ಸರ್ಕಾರ ಬಂದು ಮನೋಹರ ಜೋಶಿ ಮುಖ್ಯಮಂತ್ರಿಯಾದರು. ಬಾಳಾಸಾಹೇಬ ಠಾಕ್ರೆ ಯಾವ ಕುರ್ಚಿಯಲ್ಲೂ ಕೂರಲಿಲ್ಲ. ರಿಮೋಟ್ ಕಂಟ್ರೋಲ್ ನನ್ನ ಕೈಯಲ್ಲುಂಟು ಅಂತ ಬಹಿರಂಗವಾಗಿಯೇ ಹೇಳಿದರು. ನೀವೂ ಹೇಳ್ತೀರಿ, ಟೀವಿ ಎದುರು ಸೋಫಾದಲ್ಲಿ ಕೂತು. ನಿಮ್ಮ ರಿಮೋಟಿನ ಸೆಲ್ ಮುಗಿದು ಎಷ್ಟು ದಿನವಾಯ್ತು?

ಈಗ ಬೆಳಗ್ಗೆ ಎಂಟು ಗಂಟೆ ಹೊತ್ತಿಗೆ ಡೊಂಬಿವಲಿ ಪ್ಲಾಟ್‌ಫಾರ್ಮಿಗೆ ಬನ್ನಿ. ಅಲ್ಲಿ ನಿಮ್ಮನ್ನು ನೋಡಬೇಕು. ತಲೆ ಎತ್ತಿ ಇಂಡಿಕೇಟರ್ ನೋಡೋದು, ತಲೆ ತಗ್ಗಿಸಿ ಆ್ಯಪ್ ನೋಡೋದು, ಈ ಕಂಬದಿಂದ ಎರಡು ಹೆಜ್ಜೆ ಬಲಕ್ಕೆ ನಿಂತರೆ ಬಾಗಿಲು ಸರಿಯಾಗಿ ಮೂಗಿನೆದುರು ಬರ್ತದೆ ಅಂತ ಪಕ್ಕದವರಿಗೆ ಶಾಸ್ತ್ರ ಹೇಳೋದು. ಗಾಡಿ ಬಂತು. ಹತ್ತಿದಿರಾ? ಇಲ್ಲ, ಹತ್ತಿಸಲ್ಪಟ್ಟಿರಿ. (ಕರ್ಮಣಿ ಪ್ರಯೋಗ ಕನ್ನಡಕ್ಕೆ ಒಗ್ಗುವುದಿಲ್ಲ ಅನ್ನುವ ಪಂಡಿತರನ್ನು ಒಮ್ಮೆ ಈ ಫಾಸ್ಟಿಗೆ ಕರ್ಕೊಂಡು ಬನ್ನಿ.)

ಒಳಗಿನ ಮಾತು ಹೇಳ್ತೇನೆ, ಯಾರಿಗೂ ಹೇಳಬೇಡಿ. ನಿಮ್ಮಲ್ಲಿ ಕೆಲವರು ಉಲ್ಟಾ ಗಾಡಿ ಹತ್ತಿ ಕಲ್ಯಾಣಕ್ಕೆ ಹೋಗಿ, ಅಲ್ಲಿ ಸೀಟು ಹಿಡಿದು, ಅದೇ ಗಾಡಿಯಲ್ಲಿ ತಮ್ಮದೇ ಸ್ಟೇಷನ್ನಿನ ಮುಂದಿಂದ ರಾಜಗಾಂಭೀರ್ಯದಲ್ಲಿ ವಾಪಸ್ ಹೋಗ್ತೀರಿ. ಹತ್ತಲಾಗದೆ ಕೆಳಗೆ ನಿಂತ ನೆರೆಮನೆಯವರಿಗೆ ಕಿಟಕಿಯಿಂದ ಕೈ ಬೀಸ್ತೀರಿ ಬೇರೆ. ಅದು ಯುಕ್ತಿ ಮಾರಾಯ್ರೆ, ಕಂಟ್ರೋಲ್ ಅಲ್ಲ.

ಹಾಗಾದರೆ ಮೋಟರ್‌ಮನ್ ಕೈಯಲ್ಲಾ? ಅವರ ಕೈಯಡಿಯ ಹಿಡಿಕೆಯ ಕಥೆ ಕೇಳಿ. ಡೆಡ್ ಮ್ಯಾನ್ಸ್ ಹ್ಯಾಂಡಲ್ ಅಂತ ಹೆಸರು. ಗಾಡಿ ಓಡುವಷ್ಟು ಹೊತ್ತು ಅದನ್ನು ಒತ್ತಿ ಹಿಡಿದೇ ಇರಬೇಕು. ಎಲ್ಲಾದರೂ ತಲೆ ತಿರುಗಿ ಕೈ ಸಡಿಲಿತೋ, ಬ್ರೇಕ್ ತಾನಾಗಿ ಬೀಳ್ತದೆ. ಕೆಂಪು ಸಿಗ್ನಲ್ ದಾಟಿದರೆ ತಡೆಯಲಿಕ್ಕೆ ಎಡಬ್ಲ್ಯೂಎಸ್ ಅಂತ ಇನ್ನೊಂದು ಕಾವಲು. ಯಾವ ಲೋಕಲ್ ಮೊದಲು, ಯಾವ ಮೇಲ್ ಹಿಂದೆ ಅಂತ ತೀರ್ಮಾನಿಸೋದು ಗಾಡಿಯೊಳಗೇ ಇಲ್ಲದ ಕಂಟ್ರೋಲರ್.

ನೋಡಿ, ಸಾವಿರಗಟ್ಟಲೆ ಜನರನ್ನು ಎಳೆಯುವ ಮನುಷ್ಯನ ಕೈಯನ್ನೂ ಇನ್ನೊಂದು ಕೈ ಪರೀಕ್ಷಿಸ್ತಾ ಇರ್ತದೆ. ನಂಬಿಕೆ ಇಲ್ಲ ಅಂತಲ್ಲ, ಪದ್ಧತಿಯೇ ಹಾಗೆ. ನಿಮ್ಮ ಮನೆಯಲ್ಲಿ ನಿಮ್ಮ ಕೈಯನ್ನು ಪರೀಕ್ಷಿಸುವವರು ಯಾರು ಅಂತ ಕೇಳಿದರೆ ಸಿಟ್ಟು ಬರ್ತದೆ ಅಲ್ವಾ? "ನಾನೇ ಹಿರಿಯ, ನನ್ನನ್ನು ಕೇಳೋದಾ?" ಅಂತ.

ಇನ್ನು ಅಪಾಯದ ಸರಪಳಿ. ಎಳೆದರೆ ಗಾಡಿ ನಿಲ್ತದೆ, ನಿಜ. ಆದರೆ ಎಳೆದವನಿಗೆ ಗಾಡಿ ನಡೆಸಲಿಕ್ಕೆ ಬರ್ತದಾ? ನಿಲ್ಲಿಸುವುದು ತಡೆ, ಅಷ್ಟೆ. ಮಗಳು ಗೋವಾ ಟ್ರಿಪ್ ಅಂದರೆ ಬೇಡ, ಮಗ ಪುಣೆಯಲ್ಲಿ ಕೆಲಸ ಅಂದರೆ ಬೇಡ, ಅಮ್ಮ ಊರಿಗೆ ಹೋಗ್ತೇನೆ ಅಂದರೆ ಈಗ ಬೇಡ. ದಿನಕ್ಕೆ ಇಷ್ಟು ಸಲ ಸರಪಳಿ ಎಳೆದು ರಾತ್ರಿ "ಮನೆ ನನ್ನ ಕಂಟ್ರೋಲಲ್ಲುಂಟು" ಅಂತ ಮಲಗ್ತೀರಿ. ರೈಲ್ವೆಯಲ್ಲಾದರೆ ಸುಮ್ಮನೆ ಎಳೆದವನಿಗೆ ದಂಡ ಬೀಳ್ತದೆ.

ರೈಲಿನ ಮಾತು ಬಂತು ಅಂತ ಹೇಳ್ತೇನೆ. ಊರಿಗೆ ಹೋಗುವವರು ರೈಲ್ವೆಯ ಕನ್ನಡ ಪ್ರಕಟಣೆ ಓದಿದ್ದೀರಾ? "ಈ ರೈಲನ್ನು ಮಾರ್ಗಮಧ್ಯೆ ಇಷ್ಟು ನಿಮಿಷ ನಿಯಂತ್ರಿಸಲಾಗುವುದು." ಕಲ್ಯಾಣದಲ್ಲಿ ಉದ್ಯಾನ್ ಹಿಡಿಯಲು ಹೊರಟವರು ಆಹಾ, ಎಷ್ಟು ಶಿಸ್ತು ಅಂದುಕೊಳ್ತೀರಿ. ಅರ್ಥ ಇಷ್ಟೇ: ನಡುದಾರಿಯಲ್ಲಿ ನಿಲ್ಲಿಸ್ತಾರೆ! ರೆಗ್ಯುಲೇಟ್ ಅನ್ನೋ ರೈಲ್ವೆ ಇಂಗ್ಲಿಷನ್ನು ಹಾಗೇ ಕನ್ನಡಕ್ಕೆ ಇಳಿಸಿದ್ದು.

ರೆಗ್ಯುಲೇಷನ್, ಕಂಟ್ರೋಲ್ ಎರಡಕ್ಕೂ ನಾವು ನಿಯಂತ್ರಣ ಅಂದುಬಿಡ್ತೇವೆ. ಸರ್ಕಾರ ಹಾಗಲ್ಲ, 2000ದ ಶಬ್ದಮಾಲಿನ್ಯ ನಿಯಮದ ಹೆಸರಿನಲ್ಲೇ ಎರಡೂ ಶಬ್ದ ಬೇರೆ ಬೇರೆ ಉಂಟು. ವ್ಯತ್ಯಾಸ ಬೇಕಾ? ಮುಂದಿನ ಸಲ ಸಂಘದವರು ಯಕ್ಷಗಾನ ಇಟ್ಟಾಗ ಬನ್ನಿ. ಹತ್ತು ಗಂಟೆಗೆ ಮೈಕ್ ಬಂದ್, ಹಾಗಾಗಿ ಒಂಬತ್ತೂವರೆಯೊಳಗೆ ರಾವಣ ಸಾಯಲೇಬೇಕು. ಅದು ರೆಗ್ಯುಲೇಷನ್. ರಾವಣ ಎಷ್ಟು ಹಾರಿದರೂ ಭಾಗವತರ ತಾಳ ದಾಟಿ ಒಂದು ಹೆಜ್ಜೆ ಹೋಗದಿರುವುದು, ಅದು ಕಂಟ್ರೋಲ್.

ಭಾಗವತರನ್ನು ಮೊದಲನೇ ವೇಷ ಅಂತ ಸುಮ್ಮನೆ ಕರೆದದ್ದಲ್ಲ. ಬಣ್ಣವಿಲ್ಲ, ಕಿರೀಟವಿಲ್ಲ, ಕೂತ ಜಾಗ ಬಿಟ್ಟು ಏಳುವುದೂ ಇಲ್ಲ. ವೇಷಧಾರಿಯ ಪ್ರತಿ ಹೆಜ್ಜೆ ನೋಡ್ತಾ ಕೂರ್ತಾರೆ, ಬೇಕಾದಾಗ ಕಾಲ ಏರಿಸ್ತಾರೆ, ಬೇಕಾದಾಗ ಇಳಿಸ್ತಾರೆ. (ಒಂಬತ್ತು ಗಂಟೆಗೇ ಲಾಸ್ಟ್ ಲೋಕಲ್ ನೆನಪಾಗಿ ಚಪ್ಪಲಿ ಹುಡುಕ್ತಾ ಏಳುವ ನಿಮ್ಮನ್ನು ಮಾತ್ರ ಹಿಡಿದಿಡಲಿಕ್ಕೆ ಅವರಿಂದಲೂ ಆಗಲಿಲ್ಲ.)

ಮಾಲಿನ್ಯ ಬಂತೆಂದರೆ ಸರ್ಕಾರಕ್ಕೆ ಇನ್ನೊಂದು ಜೋಡಿ ಶಬ್ದ: ತಡೆ ಮತ್ತು ನಿಯಂತ್ರಣ. 1974ರ ನೀರಿನ ಕಾಯ್ದೆ, 1981ರ ಗಾಳಿಯ ಕಾಯ್ದೆ, ಎರಡರ ಹೆಸರಿನಲ್ಲೂ ಈ ಜೋಡಿ ಉಂಟು. ಮೊದಲನೆಯದು ಆಗದಿದ್ದರೆ ಎರಡನೆಯದಾದರೂ ಇರಲಿ ಅಂತ ಕಾಣ್ತದೆ. 2020ರಲ್ಲಿ ಡೊಂಬಿವಲಿ ಎಂಐಡಿಸಿಯ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿದ್ದು ನೆನಪುಂಟಲ್ಲ? ಎರಡೂ ರಜೆಯಲ್ಲಿದ್ದವು. (ನೀವು ಅಲ್ಲೇ ನಿಂತು ಸೆಲ್ಫಿ ತೆಗೆದು ಊರಿನ ಗ್ರೂಪಿಗೆ ಹಾಕಿದವರು. ನಿಮಗೆ ಅಷ್ಟು ಸಾಕಿತ್ತು.)

ಬೇಡದ ವಾಸನೆ ಹತ್ತಿದರೆ ಸರ್ಕಾರ ಶಬ್ದವನ್ನೇ ಬದಲಾಯಿಸ್ತದೆ. ನಮ್ಮ ಮೈಸೂರು ಸಂಸ್ಥಾನ 1930ರಲ್ಲಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಾಗ ಹೆಸರು ಹೇಳಲಿಕ್ಕೆ ನಾಚಿಕೊಳ್ಳಲಿಲ್ಲ. ಮುಂಬಯಿಯಲ್ಲಿ ಅದಕ್ಕೂ ಮೊದಲೇ, 1921ರಲ್ಲಿ, ರ. ಧೋಂ. ಕರ್ವೆ ಶುರು ಮಾಡಿದ್ದರು. ಮುಂದೆ ಅದು ಕುಟುಂಬ ಯೋಜನೆ ಆಯ್ತು. ತುರ್ತುಪರಿಸ್ಥಿತಿಯ ನಸ್‌ಬಂದಿ ಗಲಾಟೆಯ ನಂತರ 1977ರಲ್ಲಿ ಕುಟುಂಬ ಕಲ್ಯಾಣ. ಕೆಲಸ ಅದೇ, ಬೋರ್ಡು ಬೇರೆ.

ಇನ್ನು 'ಕಂಟ್ರೋಲ್ ಅಂಗಡಿ'. 1943ರಲ್ಲಿ, ಯುದ್ಧದ ಕಾಲಕ್ಕೆ, ಮುಂಬಯಿಗೆ ರೇಶನ್ ಬಂತು. ಊರಲ್ಲಿ ಅಜ್ಜಿಯಂದಿರು ಕಂಟ್ರೋಲ್ ಅಕ್ಕಿ ಅಂತಿದ್ದರಲ್ಲ, ಅದೇ. ಯಜಮಾನರೇ, ಒಂದು ವಿಷಯ ಗೊತ್ತುಂಟಾ? 2013ರ ಆಹಾರ ಭದ್ರತಾ ಕಾಯ್ದೆಯ ರೇಶನ್ ಕಾರ್ಡಿನಲ್ಲಿ ಮನೆಯ ಮುಖ್ಯಸ್ಥರು ನೀವಲ್ಲ. ಹದಿನೆಂಟು ದಾಟಿದ ಹೆಂಗಸರಲ್ಲಿ ಹಿರಿಯರು ಯಾರೋ ಅವರು. ಕಾಯ್ದೆ ತಡವಾಗಿ ಕಂಡುಹಿಡಿದದ್ದು ನಿಮ್ಮ ಅಡುಗೆಮನೆಗೆ ಮೊದಲೇ ಗೊತ್ತಿತ್ತು.

ನಿಮ್ಮ ಬಿಲ್ಡಿಂಗಿನಲ್ಲೇ ಮೊನ್ನೆ ಒಬ್ಬರು ಮನೆಯಲ್ಲಿ ಅಪ್ಪಣೆ ಹೊರಡಿಸಿದರು. "ಇವತ್ತಿನಿಂದ ಈ ಮನೆಗೆ ಎಣ್ಣೆಯಲ್ಲಿ ಕರಿದದ್ದು ಬರಬಾರದು." ಅವರ ಹೆಂಡತಿ, ಬಿಜಾಪುರದ ಕಡೆಯವರು, ರೊಟ್ಟಿ ತಟ್ಟುವುದು ನಿಲ್ಲಿಸದೆ ಕೇಳಿದರು: "ಹೌದೇನ್ರೀ? ಹಂಗಾರ ನಿನ್ನಿ ಸಂಜಿ ಸ್ಟೇಷನ್ ಹೊರಗ ಮೂವತ್ತಾರು ರೂಪಾಯಿ ಯಾತಕ್ಕ ಕೊಟ್ಟೀರಿ? ಎರಡು ವಡಾಪಾವ್ ಆತಿಲ್ಲೋ?" ಜಾಯಿಂಟ್ ಅಕೌಂಟು. ಯುಪಿಐ ಒತ್ತಿದ್ದು ಗಂಡ, ಬ್ಯಾಂಕಿನ ಮೆಸೇಜ್ ಬರೋದು ಹೆಂಡತಿಯ ಫೋನಿಗೆ! ಅಪ್ಪಣೆ ಯಾರದ್ದು, ಕಂಟ್ರೋಲ್ ಯಾರದ್ದು, ಈಗ ನೀವೇ ಹೇಳಿ.

ಹಾಗಂತ ಹೆಂಗಸರು ಹಿಗ್ಗಬೇಡಿ. ಮಗನ ಮೊಬೈಲಿಗೆ ಪೇರೆಂಟಲ್ ಕಂಟ್ರೋಲ್ ಹಾಕಿದವರು ನೀವು ತಾನೇ? ಅದನ್ನು ಹಾಕಿಕೊಟ್ಟವರು ಯಾರು? ಮಗನೇ. ಪಾಸ್‌ವರ್ಡ್ ಇಟ್ಟದ್ದು? ಅವನೇ. "ಅಮ್ಮ, ಚೆಕ್ ಮಾಡು" ಅಂದಾಗ ನೀವು ಸೀರಿಯಲ್ ನೋಡ್ತಾ ಹ್ಞೂಂ ಅಂದಿರಿ.

ಸಾಕು, ನಿಮ್ಮ ಗಾಡಿಯ ಹೊತ್ತಾಯ್ತು. ಹೋಗುವ ಮೊದಲು ಒಂದೇ ಮಾತು. ಮಾರ್ಚ್‌ಗೆ ವರ್ಷದ ಲೆಕ್ಕ ಮುಗಿದರೆ ಸೆಪ್ಟೆಂಬರ್ 30ರೊಳಗೆ ಸೊಸೈಟಿಯ ಎಜಿಎಂ ಕರೆಯಲೇಬೇಕು ಅಂತ ಮಹಾರಾಷ್ಟ್ರದ ಸಹಕಾರಿ ಕಾಯ್ದೆ ಹೇಳ್ತದೆ. ಪ್ರತಿ ವರ್ಷ ಸಮೋಸ ಬರುವ ಹೊತ್ತಿಗೆ ಸರಿಯಾಗಿ ಹಾಜರಾಗಿ, ಕೊನೇ ಸಾಲಿನಲ್ಲಿ ಕೂತು, "ಈ ಕಮಿಟಿಗೆ ಯಾವುದರ ಮೇಲೂ ಕಂಟ್ರೋಲ್ ಇಲ್ಲ" ಅಂತ ಪಿಸುಗುಟ್ಟುವವರು ನೀವು. ಈ ಸಲ ಅರ್ಧ ಗಂಟೆ ಮೊದಲೇ ಹೋಗಿ, ಆಡಿಟ್ ಆದ ಲೆಕ್ಕಪತ್ರ ಕೇಳಿ ತೆಗೆದುಕೊಳ್ಳಿ, ಕನ್ನಡಕ ಹಾಕಿ ಓದಿ. ಸಮೋಸ ಒಂದೇ ಸಾಕು.